ಕೈಯಷ್ಟ ಸಾಕು

ನಾಯಕಿಯ ಉಗುರು ಉದ್ದ ಇದ್ದವು, ಬಣ್ಣ ಹಚ್ಚಿದ್ದವು.
ಅದಕ್ಕ ಅವರು ನನ್ನ ಕೈ ಕೇಳಿದರು,
ದಿನಕ್ಕ ಎಂಟುನೂರು.
ಮಾರಿ ಬ್ಯಾಡ, ಕೈಯಷ್ಟ ಸಾಕು ಅಂದರು.

ಬಾದಾಮಿಯ ಕೆಂಪು ಕಲ್ಲಿನ ನಡುವ ಅಮೇರಿಕಾ ಕಟ್ಟಿದ್ದರು:
ಪ್ಲೈವುಡ್ಡಿನ ಸೆರೆದಂಗಡಿ, ಬಿಜಾಪುರ ಟಾಂಗಾದ ನಾಕು ಕುದರಿ,
ಅಗಲ ಟೊಪಿಗಿ ಹಾಕ್ಕೊಂಡು ಬಿಸಿಲಾಗ ನಿಂತ ನಮ್ಮ ಓಣಿ ಹುಡುಗರು.
ಅದರಾಗೊಬ್ಬ ಪಿಸ್ತೂಲಿನ ಚೀಲದಾಗ
ಎಲಿ ಅಡಿಕಿ ಇಟ್ಟಿದ್ದ.

ಬೆಳಗಾವಿ ಕ್ಯಾಂಪಿನಿಂದ ಬಂದಿದ್ದ ಫಿರೋಜ ಜಮಾದಾರ
ಜಮಖಾನಿ ಮ್ಯಾಲ ಮೂರು ಬಂದೂಕು ಮಲಗಿಸಿದ,
ಸೂಲಗಿತ್ತಿ ಕೂಸು ಮಲಗಿಸಿದಂಗ.
"ಯಾವುದೂ ಅಸಲಲ್ಲವ್ವ. ನೂರೈವತ್ತು ವರ್ಷದ ಹಿಂದಿನ ಅಸಲಿನ ನಕಲು.
ನಕಲಿನಾಗೂ ಛಲೋದು ಕೆಟ್ಟದು ಇರತಾವ.
ನಿನ್ನ ಕೈಗಿ ಯಾವುದು ಒಗ್ಗತೈತಿ ನೋಡು."

ಅದನ್ನ ನನಗ ಹೇಳತಾನ!
ಗುಳೇದಗುಡ್ಡದಾಗ ಖಣ ನೇಯಾಕಿ ನಾನು, ಬನಶಂಕ್ರವ್ವ.
ಮಶೀನಿನ ಖಣ ಸಂತಿಗಿ ಬಂದ ದಿನದಿಂದ
ಕಣ್ಣು ಮುಚ್ಚಿ ಬೆರಳತುದಿಲೆ ಹೇಳತೇನಿ
ಯಾವುದು ಯಾವುದರ ಸೋಗು ಅಂತ.

ಮೊದಲನೇದರ ಹೊಟ್ಟಿ ಹಿತ್ತಾಳಿ.
ಬಿಸಿಲಿಗಿ ಹಿಡಿದರ ಹುಣಸಿಹಣ್ಣು ಹಚ್ಚಿ ತಿಕ್ಕಿದ ತಂಬಿಗಿ.
ಇದ, ಇದ, ಅಂದ ಡೈರೆಕ್ಟರ್.
ಚಂದ ಐತಿ ಅಂದೆ,
ಮದವಿಗಿ ಹೋಗಾಕ.

ಎರಡನೇದರ ನಳಿಗಿ ಉದ್ದ, ಎಂಟು ಮೂಲಿ.
ಭುಜಕ್ಕ ಏರಿಸಿದರ ಅದರ ಮೂಗು ನೆಲಕ್ಕ ಜಗ್ಗತಿತ್ತು,
ನೀರು ಕಂಡ ಎಮ್ಮಿ ಹಂಗ.
ಮುತ್ತ್ಯಾ ನೆನಪಾದ. ಕಾಯ್ದೆ ಬರೂಕಿಂತ ಮೊದಲ
ಬೇಟಿಗಿ ಹೊಂಟ ಸಾವಕಾರನ ಹಿಂದ
ಬಂದೂಕು ಹೊತ್ತು ನಡೆಯಾಂವ.
"ಹೊಡ್ಯೂದು ಒಂದ ಗಳಿಗಿ, ಹೊರೂದು ಇಡೀ ದಿನ.
ಹೊತ್ತು ನೋಡಿ ಬಂದೂಕು ಆರಿಸಬೇಕು" ಅಂತಿದ್ದ.
ಆ ಒಂದು ಗಳಿಗಿ
ಅವನ ಪಾಲಿಗಿ ಬರಲೇ ಇಲ್ಲ.

ಮೂರನೇದು ಗಿಡ್ಡ, ಕರೇ ಕಬ್ಬಿಣ.
ಕುದರಿ ಮ್ಯಾಲ ಕುಂತವರಿಗಿ ಮಾಡಿದ್ದಂತ.
ಕೆಳಗ ಬಳಿಯಂಥಾ ಒಂದು ಕೊಂಡಿ, ಅದರಾಗ ಮೂರು ಬೆರಳು.
ಮುಂದ ನೂಕಬೇಕು, ಹಿಂದ ಎಳಿಬೇಕು.
ಖಟ್, ಖಟಕ್.
ಖಾಲಿ ತೋಟಾ ಹೊರಗ, ತುಂಬಿದ್ದು ಒಳಗ.
ಅಯ್ಯ, ಇದು ಲಾಳಿ!
ಇಪ್ಪತ್ತೆಂಟು ವರ್ಷದ ಕೈ ನನ್ನ ಕೇಳಲಿಲ್ಲ, ತಾನ ನಡೀತು,
ಖಟ್ ಖಟಕ್ ಖಟ್ ಖಟಕ್, ಹತ್ತು ಸಲ.
ಫಿರೋಜ ಗಡಿಯಾರ ನೋಡಿದ.
ಮತ್ತೊಮ್ಮಿ ಗಡಿಯಾರ ನೋಡಿದ.

"ಇದ ಇರಲಿ. ಆದರ ಬೇಟಿಗಿ ನಡೆಯಂಗಿಲ್ಲ."
"ಯಾಕವ್ವ?"
"ಈ ಸಪ್ಪಳಕ್ಕ ಆ ಗುಡ್ಡದ ಮೊಲ ಊರು ಬಿಡತೈತಿ."
ಅಂವ ನಕ್ಕ. "ನಮ್ಮ ಜಿಂಕಿಗಿ ಕಿವಿ ಇಲ್ಲ.
ಅದು ಕಂಪ್ಯೂಟರಿನಾಗ ಹುಟ್ಟೂದು ಇನ್ನೂ ಐತಿ."

ಮಧ್ಯಾಹ್ನದ ಹೊತ್ತಿಗಿ ಕೊಂಡಿ ಕಾಯ್ದು ಗೆಣ್ಣು ಸುಲೀತು.
ಸೆರಗಿನಾಗಿನ ಖಣದ ಚೂರು ಹರಿದು ಕೊಂಡಿಗಿ ಸುತ್ತಿದೆ.
ತಗಿ ಅದನ್ನ, ಕೌಬಾಯಿಗೆಲ್ಲಿ ಖಣ, ಅಂತ ಚೀರಿದ ಡೈರೆಕ್ಟರ್.
ಫಿರೋಜ ಮಾತಾಡಲಿಲ್ಲ. ಹಳೇ ಚಪ್ಪಲಿಯ ಬಾರು ತಂದು
ಅದರ ಮ್ಯಾಲ ಬಿಗದ.
ಬಿಗಿದ ಮ್ಯಾಲ
ಒಳಗಿನ ಕೆಂಪಂಚು ಯಾರಿಗೂ ಕಾಣಲಿಲ್ಲ.

ಹನ್ನೊಂದು ಮಂದೀನ ಕೆಡವಿದೆ ಆ ದಿನ.
ಒಬ್ಬೊಬ್ಬರೂ ಮಣ್ಣು ಝಾಡಿಸಿಕೊಂಡು ಎದ್ದು
ಅಕ್ಕಾ, ಚಹಾ ಬಂತಾ ಅಂತ ಕೇಳಿದರು.

ಮರುದಿನ ಮಗ್ಗದ ಕುಣಿಯಾಗ ಇಳಿದೆ.
ಹಗ್ಗ ಎಳಿಯೂವಾಗ ಗೆಣ್ಣು ಚುರ್ ಅಂತು.
ಖಣ ಒಂದು ಗೇಣು ಆಗೂತನ ಲಾಳಿಯ ಸಪ್ಪಳ
ನನಗ ಬ್ಯಾರೇನ ಕೇಳತಿತ್ತು.
ಎಂಟುನೂರು ಇನ್ನೂ ಬಂದಿಲ್ಲ.