ಮೋಮಿನಪುರಕ್ಕೊಂದು ಪಾರ್ಸಲ್

ಮೂರು ಕಿಲೋ ಇನ್ನೂರು ಗ್ರಾಂ.
ದಮ್ಮಾಮಿನ ರೂಮಿನ್ಯಾಗ ಕೊಂಡಿಯ ಕಾಂಟಾ ಹಿಡಿದು
ತಜಮ್ಮುಲ್ ನಾಕು ಸಲ ತೂಗಿದ.
ಎರಡು ಡಬ್ಬಿ ಹಾಲಿನ ಪುಡಿ, ಖಜೂರ,
ಅಮ್ಮಿಗೆ ಮೊಣಕಾಲಿನ ಎಣ್ಣಿ, ತಂಗಿಗೆ ಅತ್ತರು.
ಟೇಪು ಸುತ್ತಿದ, ಅದರ ಮ್ಯಾಲ ಮತ್ತ ಸುತ್ತಿದ,
ನನ್ನ ಬೆರಳಿಗೂ ಒಂದು ಸುತ್ತು ಹಾಕಿ
ನಕ್ಕ. ಬಿಚ್ಚಿದ.
ರೂಮಿನ್ಯಾಗ ಉಳಿದ ನಾಕು ಮಂದಿ ಇದ್ದರು.

ಏರ್‌ಪೋರ್ಟಿನ ಹಾದಿಯಾಗ
ಫೋನಿನಿಂದ ಅವನನ್ನ ಅಳಿಸಿದೆ.
ಒಂಬತ್ತು ವರ್ಷದ ಫೋಟೋ:
ಸಮುದ್ರದ ದಂಡಿಗೆ ಅವನ ಬೆನ್ನು,
ಜ್ವರ ಬಂದಾಗ ನಾ ಕಾಸಿದ ಗಂಜಿ, ಅದರ ಪಕ್ಕ ಅವನ ಕೈ.
ಹೆಸರಂತೂ ಮೊದಲಿಂದನೂ
'ಎ.ಸಿ. ರಿಪೇರಿ' ಅಂತ ಸೇವ್ ಆಗೇದ.
ಹೋದ ವರ್ಷ ಎದುರಿನ ಕ್ಯಾಂಪಿನ ಇಬ್ಬರನ್ನ
ರಾತ್ರಿ ಒಯ್ದರು. ಮುಂಜಾನೆ ಅವರ ಹಾಸಿಗಿ ಮಡಚಿ
ಹೊರಗಿಟ್ಟಿದ್ದರು. ಯಾರೂ ಹೆಸರು ಎತ್ತಲಿಲ್ಲ.
ಚಪ್ಪಲಿ ಮಾತ್ರ ಬಾಗಿಲ ಹಂತ್ಯಾಕ
ವಾರಗಟ್ಟಲೆ ಬಿದ್ದಿದ್ದವು.

ಇಷ್ಟೇ ಹೇಳಿದ್ರ ಅರ್ಧ ಹೇಳಿದಂಗ.
ಅದೇ ಊರಾಗ ನಾವು ಕೈ ಕೈ ಹಿಡಿದು ರಸ್ತೆ ದಾಟೀವಿ,
ಯಾರೂ ತಿರುಗಿ ನೋಡಿಲ್ಲ.
ಗಂಡಸರು ಅಲ್ಲಿ ಹಂಗೇ ಹಿಡೀತಾರ.
ಹೋಟೆಲಿಗೆ ಫ್ಯಾಮಿಲಿಯವರಿಗೊಂದು ಬಾಗಿಲು,
ನಮ್ಮಂಥವರಿಗೊಂದು.
ನಮ್ಮಂಥವರು ಅಂದ್ರ ಒಂಟಿ ಗಂಡಸರು.
ಆ ಬಾಗಿಲಿಂದ ಇಬ್ಬರೂ ಒಳಗ ಹೋಗಿ
ಒಂದೇ ತಾಟಿನ್ಯಾಗ ಉಂಡು ಬಂದೀವಿ,
ಒಂಟಿ ಅಂತ ಬರೆದ ಬೋರ್ಡಿನ ಕೆಳಗ.

ಬ್ರಹ್ಮಪುರದಿಂದ ಮೋಮಿನಪುರಕ್ಕ
ಆಟೋದವ ನಲವತ್ತು ರೂಪಾಯಿ ಕೇಳಿದ.
ಹುಟ್ಟಿದಾಗಿಂದ ಕಲಬುರಗಿ,
ಆ ಓಣಿಗೆ ಮೊದಲ ಸಲ ಹೊಂಟೀನಿ.
ಕಡಲು ದಾಟಿ ಹೋದಾಗ ಸಿಕ್ಕವ
ಎರಡು ಕಿಲೋಮೀಟರಿನ್ಯಾಗ ಬೆಳದಿದ್ದ.
ಒಂದೇ ಕೆರಿ ದಂಡಿಗೆ ಗಾಳಿಪಟ ಬಿಟ್ಟೀವಿ,
ಬ್ಯಾರೆ ಬ್ಯಾರೆ ಸಂಜಿಗೆ.
ಮೇ ತಿಂಗಳು. ಅಂಗಳದ ಶಹಾಬಾದ ಕಲ್ಲು
ಚಪ್ಪಲಿ ಬಿಟ್ಟ ಕೂಡಲೆ ಪಾದ ಸುಟ್ಟಿತು.

ಅಮ್ಮಿ ಪಾರ್ಸಲ್ ಬಿಚ್ಚಲಿಲ್ಲ.
ತೊಡಿ ಮ್ಯಾಲ ಕೂಸಿನ ಹಂಗ ಇಟ್ಟುಕೊಂಡು
ನನ್ನ ಮಾರಿ ನೋಡಿದಳು.
"ತಜ್ಜು ದಪ್ಪ ಆಗ್ಯಾನೇನು ಬೇಟಾ?"
ಸ್ವಲ್ಪ, ಅಂದೆ.
"ನಿದ್ದಿ?"
ಎಡಕ್ಕ ಹೊಳ್ಳಿದ್ರ ಬೆಳತನಕ ಏಳಂಗಿಲ್ಲ,
ಅಂದುಬಿಟ್ಟೆ.
ಫ್ಯಾನಿನ ಸಪ್ಪಳ ಒಮ್ಮೆಲೆ ಜೋರಾತು.
ರೂಮಿನ್ಯಾಗ ಆರು ಮಂದಿ ಇರ್ತೀವಿ, ಅಂದೆ,
ಯಾರೂ ಕೇಳದಿದ್ದರೂ.
"ಹೌದೌದು, ಆರು ಮಂದಿ" ಅಂದಳು.

ನಮ್ಮ ಮನ್ಯಾಗ ಅವ್ವ ಈ ರಜಾಕ್ಕಂತ
ಮೂರು ಹುಡುಗ್ಯಾರ ಫೋಟೋ ತೆಗೆದಿಟ್ಟಾಳ.
ಅಲ್ಲಿ ನನ್ನ ಮಂಚಕ್ಕ ಕದ ಇಲ್ಲ, ಒಂದು ಪರದಾ ಅದ.
ಇಲ್ಲಿ ಕದ ಅದ, ಮುಚ್ಚಿದ್ರ ಯಾಕಂತ ಕೇಳತಾರ.
ಕಾನೂನು ಈಗ ಏನೂ ಅನ್ನಂಗಿಲ್ಲಂತ
ಪೇಪರಿನ್ಯಾಗ ಓದಿದ್ದೆ.
ಆ ಪೇಪರಿನ ಮ್ಯಾಲ ಅವ್ವ ಸಂಡಿಗಿ ಒಣಹಾಕಿದ್ದಳು.

ತಹರಿ ಬಂತು, ಹೊಗಿಯಾಡಕೋತ.
ತಂಗಿಯ ತಾಟಿನ ತುಂಬ ಹಸಿರು ಕೊತಂಬರಿ.
ನನ್ನದರಾಗ ಒಂದು ಎಸಳೂ ಇಲ್ಲ.
ನಾ ನೋಡೂದನ್ನ ಅಮ್ಮಿ ನೋಡಿದಳು.
"ನಿನಗ ಸೇರಂಗಿಲ್ಲಲ್ಲ. ಫೋನ್ ಹಚ್ಚಿದ್ರ ಅದೇ ಮಾತು ಅವಂದು,
ಚಂದರ್‌ಗ ಕೊತಂಬರಿ ಆಗಂಗಿಲ್ಲ, ಚಂದರ್‌ಗ ಹಲ್ಲು ನೋವು,
ಚಂದರ್ ಇನ್ನೂ ಡ್ಯೂಟಿಯಿಂದ ಬಂದಿಲ್ಲ..."
ಮತ್ತೇನು ಹೇಳ್ಯಾನಂತ ಕೇಳುವಷ್ಟು
ಧೈರ್ಯ ನನಗಿಲ್ಲ.
ಆಕಿ ಇನ್ನೊಂದು ಚಮಚ ಬಡಿಸಿದಳು.

ಹೊಂಡುವಾಗ ಕಡಕ್ ರೊಟ್ಟಿ, ಶೇಂಗಾ ಹಿಂಡಿ
ಹಳಿ ದುಪಟ್ಟಾದಾಗ ಗಂಟು ಕಟ್ಟಿ ಕೈಗಿಟ್ಟಳು.
ತೂಕ ಎಷ್ಟಂತ ನೋಡಲಿಲ್ಲ.
"ಇಬ್ಬರೂ ತಿನ್ರಿ" ಅಂದಳು.
ಆರು ಮಂದಿ ಅನ್ನಲಿಲ್ಲ.

ರಜಾ ಇನ್ನೂ ಮೂವತ್ತೊಂದು ದಿನ ಅದ.
ಕಡಕ್ ರೊಟ್ಟಿ, ಕೆಡಂಗಿಲ್ಲ.