ಗುರುವಾರದ ಅಂಟು

ಮೊದಲು ಕೂದಲು ಬೋಳಿಸಬೇಕು, ಅಂದಳು ಜಸಿಂತಾ,
ಚರ್ಮದ ಮೇಲೆ ಎಣ್ಣೆಜಿಡ್ಡು ಇರಬಾರದು.
ಗೊತ್ತಮ್ಮ, ಅಂದೆ. ಅರ್ಧ ಬಾಯಲ್ಲಿ ಅಂದದ್ದು
ಅವಳಿಗೆ ಏನು ಕೇಳಿಸಿತೋ.
ಮೂವತ್ತೊಂದು ವರ್ಷ ಗೋಡೆ ಕೆರೆದವನು ನಾನು,
ಹಳೆಯ ಪದರ ಕೀಳದೆ ಹೊಸದು ನಿಲ್ಲದು ಅಂತ
ನನಗೆ ಹೇಳಿಕೊಡಬೇಕೆ?

ಕಾಟನ್‌ಪೇಟೆಯಿಂದ ಮೈಸೂರು ರಸ್ತೆವರೆಗೆ
ಗುರುವಾರ ರಾತ್ರಿಯ ಗೋಡೆಗಳೆಲ್ಲ ನನ್ನವು.
ಬಕೀಟಿನಲ್ಲಿ ಮೈದಾ ಗಂಜಿ, ಚಿಟಿಕೆ ಮೈಲುತುತ್ತ.
ಇಲ್ಲದಿದ್ದರೆ ಬೆಳಗಾಗುವಷ್ಟರಲ್ಲಿ
ನಾಯಕನ ಎದೆಯವರೆಗೆ ಮೇಯ್ದಿರುತ್ತಿತ್ತು ಹಸು.
ಶುಕ್ರವಾರ ಊರು ಕಣ್ಣುಬಿಟ್ಟು ಗೋಡೆ ನೋಡುವ ಹೊತ್ತಿಗೆ
ನಾನು ಮಲಗಿರುತ್ತಿದ್ದೆ,
ಬೆರಳ ಸಂದಿಯಲ್ಲಿ ಅಂಟು ಒಣಗಿ.

ಆಮೇಲೆ ಒಂದು ಬೆಳಿಗ್ಗೆ ಚಹಾದ ಲೋಟ
ಕೈಯಲ್ಲಿದೆ ಅಂದುಕೊಂಡೆ. ನೆಲದಲ್ಲಿತ್ತು.
ಎಡಗಡೆಯ ನಾನು
ಮಳೆಗೆ ನೆನೆದ ಪೋಸ್ಟರಿನ ಹಾಗೆ
ಮೇಲಿನ ಮೂಲೆಯಿಂದ ಮಡಚಿಕೊಂಡು ಇಳಿದೆ.

ನೀಲಿ ಪಟ್ಟಿ ಕತ್ತರಿಸುತ್ತಾಳೆ ಜಸಿಂತಾ,
ಮೂಲೆಗಳನ್ನು ಉಗುರಿನಂತೆ ದುಂಡಗೆ.
ಚೂಪು ಮೂಲೆ ಬೇಗ ಎದ್ದುಬಿಡುತ್ತೆ, ಅಂಕಲ್.
ಇದು ಮಾತ್ರ ನನಗೆ ಗೊತ್ತಿರಲಿಲ್ಲ.
ಎಷ್ಟು ಸಾವಿರ ಚೂಪು ಮೂಲೆ ಅಂಟಿಸಿದೆನಪ್ಪ!

ಪಾದದ ಬೆನ್ನಿಗೆ ಒಂದು ತುದಿ, ಎಳೆಯದೆ.
ನಡುವೆ ಹಿಗ್ಗಿಸಿ
ಮೊಣಕಾಲ ಕೆಳಗೆ ಇನ್ನೊಂದು ತುದಿ, ಎಳೆಯದೆ.
ಬೆನ್ನಿಗೆ ಎರಡು, ಜೋತ ಹೆಗಲಿನ ರೆಕ್ಕೆಮೂಳೆ ಹಿಡಿದು.
ಅಂಗೈಯಿಂದ ಉಜ್ಜುತ್ತಾಳೆ. ಬಿಸಿಯಾದರೆ ಅಂಟು ಕಚ್ಚುತ್ತಂತೆ.
ನಡುವಿನಿಂದ ಅಂಚಿಗೆ ಉಜ್ಜು ತಾಯಿ, ಗುಳ್ಳೆ ನಿಂತೀತು, ಅನ್ನುತ್ತೇನೆ.
ನಗುತ್ತಾಳೆ. ನಡುವಿನಿಂದಲೇ ಉಜ್ಜುತ್ತಾಳೆ.

ಇದು ನಿಮ್ಮನ್ನು ಎತ್ತಿ ನಿಲ್ಲಿಸಲ್ಲ, ಅಂಕಲ್.
ನೆನಪು ಮಾಡುತ್ತೆ, ಅಷ್ಟೆ. ಎತ್ತೋದು ನೀವೇ.

ಹೌದು. ಕೂತಲ್ಲಿ ಕುಗ್ಗಿದರೆ ಬೆನ್ನ ಹಿಂದೆ
ಯಾರೋ ಅಂಗಿ ಹಿಡಿದು ಜಗ್ಗಿದ ಹಾಗೆ,
ಶಾಲೆಯ ಹಿಂದಿನ ಬೆಂಚಿನ ಹುಡುಗ.
ಹದಿನಾಲ್ಕು ತಿಂಗಳಿಂದ ಸುದ್ದಿಯಿಲ್ಲದ ಎಡಗಾಲು
ಚರ್ಮದ ಮೇಲೆ ಒಂದೇ ಸಾಲು ಗೀಚಿ ಕಳಿಸಿದೆ:
ಇಲ್ಲೇ ಇದ್ದೀನಿ ಕಣಯ್ಯ.

ಈಗ ಗೋಡೆ, ಅಂದಳು.
ಹಿಮ್ಮಡಿ, ಬೆನ್ನು, ತಲೆ, ಮೂರೂ ತಾಗಬೇಕು.
ತಲೆ ತಾಗಲು ಬಹಳ ಹೊತ್ತು ಹಿಡಿಯಿತು.
ಹಸಿರು ಡಿಸ್ಟೆಂಪರು, ತಣ್ಣಗೆ.
ಬದುಕೆಲ್ಲ ಗೋಡೆಗೆ ಮುಖ ಕೊಟ್ಟು ನಿಂತವನು
ಬೆನ್ನು ಕೊಟ್ಟದ್ದು ಇದೇ ಮೊದಲು.
ಎಷ್ಟೊಂದು ಕಾಣುತ್ತೆ ಇಲ್ಲಿಂದ!
ಗಾಲಿಕುರ್ಚಿಯ ಹುಡುಗ,
ಅವನಮ್ಮನ ಬ್ಯಾಗಿನಿಂದ ಇಣುಕಿದ ಬೇಕರಿ ಬನ್ನು,
ಕಿಟಕಿಯಾಚೆ ಆಟೋದ ಗಾಜು ಒರೆಸುತ್ತ ಒಬ್ಬ,
ಹಿಡಿಯಲು ಕೈ ಚಾಚಿ, ಹಿಡಿಯದೆ ನಿಂತ ಜಸಿಂತಾ.
ನಾನು ಅಂಟಿಸಿದ ನಾಯಕರೆಲ್ಲ
ಇದನ್ನೇ ನೋಡುತ್ತಿದ್ದರೇನು, ರೆಪ್ಪೆ ಮಿಟುಕಿಸದೆ?

ಸೋಮವಾರ ಕೀಳಬೇಕು, ಅಂಚಿಗೆ ಕೊಬ್ಬರಿ ಎಣ್ಣೆ ಹಚ್ಚಿ,
ಕೂದಲು ಬೆಳೆದ ದಿಕ್ಕಿಗೆ, ಆತುರ ಮಾಡದೆ.
ಗುರುವಾರ ಮತ್ತೆ ಬರಬೇಕು.
ಗುರುವಾರವೇ, ನೋಡಿ.

ಆಸ್ಪತ್ರೆ ಗೇಟಿನಿಂದ ಕಲಾಸಿಪಾಳ್ಯದ ಬಸ್ಸಿಗೆ
ಚಪ್ಪಡಿ ಎದ್ದ ಫುಟ್‌ಪಾತು.
ಹೊಂಬಾಳ ನನ್ನ ಪಕ್ಕದಲ್ಲಿ ನಡೆಯುವುದಿಲ್ಲ,
ಎರಡು ಹೆಜ್ಜೆ ಹಿಂದೆ, ಉದುರಿದ ಎಡಚಪ್ಪಲಿ ಎತ್ತಿಕೊಡಲು.
ಹೋದ ವಾರ ಒಂಬತ್ತು ಸಲ. ಎಣಿಸುತ್ತಾಳೆ, ಹೇಳುವುದಿಲ್ಲ.
ಇವತ್ತು ಎರಡು.
ಮೂರನೆಯದಕ್ಕೆ ಅಭ್ಯಾಸಬಲದಿಂದ ಬಗ್ಗಿದವಳು
ಏನೂ ಸಿಗದೆ
ಸೀರೆಯ ನೆರಿಗೆ ಸರಿಮಾಡಿಕೊಂಡಳು.

ಬಸ್ ಸ್ಟಾಪಿನಲ್ಲಿ ಒಂದು ಹಸು
ಫ್ಲೆಕ್ಸು ಮೂಸಿ, ಬಿಟ್ಟು,
ನನ್ನ ಕಾಲಿನ ನೀಲಿ ಪಟ್ಟಿಗೆ ಮೂತಿ ತಂದಿತು.
ಮೈದಾ ಅಲ್ಲ ಕಣೆ, ಹೋಗು, ಅಂದೆ.