ಮೈಕ್ ಆಫ್ ಮಾಡಲಿಲ್ಲ

ಇಪ್ಪತ್ತೆಂಟು ವರ್ಷ ದನಿಗಳಿಗೆ ಬಾಡಿಗೆ ಬರೆದವನು ನಾನು,
ಭದ್ರಾವತಿಯ ಖಲಂದರ್ ಸೌಂಡ್ಸ್.
ಮದುವೆ, ಮುಂಜಿ, ಉರುಸು, ಎಲೆಕ್ಷನ್ನು, ಹರಿಕಥೆ,
ಕಾರ್ಖಾನೆ ಗೇಟಿನ ಮುಂದೆ ಮುಷ್ಕರದ ಶಾಮಿಯಾನ.
ಯಾರ ಗಂಟಲು ಎಲ್ಲಿ ಬಿರಿಯುತ್ತದೆ,
ಯಾರದು ಎಲ್ಲಿ ಬರೀ ತಗಡು,
ಗುಂಡಿ ತಿರುಗಿಸುವ ಈ ಎರಡು ಬೆರಳಿಗೆ ಗೊತ್ತು.

ದೇವರ ಮಾತಾಡುವವರೂ ಬಂದರು, ಬೇಕಾದಷ್ಟು.
"ಸಾಬ್ರೇ, ಎಕೋ ಸ್ವಲ್ಪ ಜಾಸ್ತಿ ಕೊಡಿ" ಎಂದವರು.
ಅಳು ಬರುವ ಜಾಗದಲ್ಲಿ ಸರಿಯಾಗಿ ಅತ್ತು,
ಇಳಿದು ಬಂದು, ಟೀಗೆ ಸಕ್ಕರೆ ಕಮ್ಮಿಯೆಂದು
ಅಡುಗೆಯವಳ ಮೇಲೆ ಹಾರಾಡಿದವರು.
ಕಾಣಿಕೆಯ ಚೀಲ ತಿರುಗುವಾಗ ಮಾತ್ರ
ಕಣ್ಣು ಮುಚ್ಚದೆ ಪ್ರಾರ್ಥಿಸಿದವರು.
ಇರಲಿ. ನನಗೇಕೆ. ನನ್ನದು ವಯರು, ನನ್ನದು ಬಾಡಿಗೆ.

ಕಾಗದನಗರದ ಆ ಸಣ್ಣ ಚರ್ಚಿಗೆ
ಉಪದೇಶಿಯಾಗಿ ಬಂದ ದೇವಸುಂದರಯ್ಯ
ಮೊದಲ ದಿನವೇ ಕೇಳಿದ್ದು, "ಇದನ್ನು ತಗ್ಗಿಸಬಹುದಾ?
ಹಿಂದಿನ ಕ್ವಾರ್ಟರ್ಸಿನಲ್ಲಿ ಮಲಗಿದ್ದಾರೆ, ರಾತ್ರಿ ಪಾಳಿಯವರು."
ತಗ್ಗಿಸಿದೆ.
ಆಮೇಲೆ ಪಾಳಿಯೇ ಇಲ್ಲದ ಕಾಲ ಬಂತು,
ಮಿಲ್ಲಿನ ಸೈರನ್ ನಿಂತಿತು,
ಮಲಗಿದವರಿಗೆ ನಿದ್ದೆ ಹತ್ತದೆ ಹೋಯಿತು.
ಆತ ಪ್ರಸಂಗವನ್ನು ಹನ್ನೆರಡು ನಿಮಿಷಕ್ಕೆ ಇಳಿಸಿ
ಉಳಿದ ಹೊತ್ತು ಸೈಕಲ್ ಹತ್ತಿ ಮನೆಮನೆಗೆ ಹೋದ.
ಏನು ಹೇಳುತ್ತಿದ್ದನೋ ಕಾಣೆ, ಅಲ್ಲಿ ಮೈಕಿರಲಿಲ್ಲ.
ಪಿಎಫ್ ಅರ್ಜಿ ತುಂಬಿಕೊಡುತ್ತಿದ್ದ ಅಂತ ಒಬ್ಬರು,
ಸುಮ್ಮನೆ ಕೂತು ಅವರೆಕಾಯಿ ಸುಲಿದು ಬರುತ್ತಿದ್ದ ಅಂತ ಇನ್ನೊಬ್ಬರು.

ಸಂತನೇನಲ್ಲ. ಸಿಟ್ಟಿತ್ತು, ಮೂಗಿನ ತುದಿಯಲ್ಲೇ.
ಒಂದು ಭಾನುವಾರ ನನ್ನ ಹುಡುಗ ಜಬೀ
ವಯರು ಎಳೆಯುತ್ತ ಹೋಗಿ ಚೊಂಬು ಉರುಳಿಸಿದ,
ನೀರೆಲ್ಲ ಅಯ್ಯನ ಪುಸ್ತಕದ ಮೇಲೆ.
"ಕಣ್ಣು ಕಾಣಲ್ವೇನೋ ನಿಂಗೆ!"
ಜಬೀಗೆ ಹುಟ್ಟಿನಿಂದ ಒಂದು ಕಣ್ಣು ಕಾಣದು.
ಹುಡುಗ ಕಟಿಂಗ್ ಪ್ಲೇಯರ್ ಕೆಳಗಿಟ್ಟು ಹೊರಗೆ ನಡೆದ.
ನಾನೇ ಹೇಳಿದೆ, ಮೆಲ್ಲಗೆ, ಅಯ್ಯನ ಕಿವಿಗೆ.
ಅಷ್ಟರಲ್ಲಿ ಗಂಟೆ ಹೊಡೆಯಿತು.

ಹಾಡಾಯಿತು. ಓದಾಯಿತು. ಆತ ಎದ್ದು ನಿಂತ.
ಅಂದಿನ ಮಾತೇ ಅದು: ಮುನಿದವನ ಹತ್ತಿರ
ಮೊದಲು ಹೋಗು, ಕಾಣಿಕೆ ಆಮೇಲೆ ಎಂಬುದು.
"ಪ್ರಿಯರೇ" ಎಂದ. "ನಾವು ಯಾರನ್ನಾದರೂ" ಎಂದ.
ಅಲ್ಲಿಗೇ ನಿಂತ.
ಕನ್ನಡಕ ತೆಗೆದು ಒದ್ದೆ ಪುಸ್ತಕದ ಮೇಲಿಟ್ಟು
ಇಳಿದು, ಬೆಂಚುಗಳ ನಡುವೆ ಹಾದು, ಹೊರಗೆ.

ನನ್ನ ಬೆರಳು ಗುಂಡಿಯ ಮೇಲಿತ್ತು.
ಆಫ್ ಮಾಡಬೇಕು, ಕಸುಬು ಅದು.
ಮಾಡಲಿಲ್ಲ.
ಫ್ಯಾನಿನ ಕಿರ್ರು, ಯಾರದೋ ಕೆಮ್ಮು, ಮಾರ್ಥಕ್ಕನ ಬಳೆ,
ಮಗುವೊಂದರ "ಅಯ್ಯ ಎಲ್ಹೋದ್ರು?"
ಎಲ್ಲ ಹೊರಗಿನ ಹಾರ್ನಿನಲ್ಲಿ ಬೀದಿಗೆ ಕೇಳಿತು.
ಅರ್ಧ ಗಂಟೆ ಕೂತರು. ಕೆಲವರು ಎದ್ದು ಹೋದರು.
ಒಬ್ಬ ವಾಚು ನೋಡಿ ಬೈದ, ಅದೂ ಕೇಳಿತು.
ಹಿಂದಿನ ಸಾಲಿನ ಅಣ್ಣತಮ್ಮಂದಿರು,
ಸೈಟಿನ ವ್ಯಾಜ್ಯದವರು, ನೆಲ ನೋಡುತ್ತಿದ್ದರು.
ರಾಜಿಯಾದರು ಅಂತ ಹೇಳಲಾರೆ. ಆಗಲಿಲ್ಲ.

ಇಬ್ಬರೂ ವಾಪಸು ಬಂದರು, ಪ್ಯಾಂಟಿನ ಅಂಚು ಒದ್ದೆ.
ಪ್ರಸಂಗ ಮುಂದುವರಿಯಲಿಲ್ಲ.
ಆಶೀರ್ವಾದ ಹೇಳಿದ, ಅಷ್ಟೆ.
ಬಾಡಿಗೆ ಪೂರ್ತಿ ಕೊಟ್ಟ, ನಾನು ಕಮ್ಮಿ ಮಾಡಹೋದರೂ.

ನಾಲೆಯ ಹತ್ತಿರ ಅಯ್ಯ ಏನಂದನೋ ಅಂತ
ಎಷ್ಟೋ ವರ್ಷ ಕೇಳಿದ್ದೇನೆ ಜಬೀನ. ನಕ್ಕು ಸುಮ್ಮನಾಗುತ್ತಿದ್ದ.
ಈಗ ತರೀಕೆರೆಯಲ್ಲಿ ಅವನದೇ ಅಂಗಡಿ.
ಮೊನ್ನೆ ಆಂಪ್ಲಿಫೈಯರ್ ಬಿಚ್ಚಿಕೊಂಡು ಕೂತವನು
ತಲೆಯೆತ್ತದೆ ಹೇಳಿದ:
"ಏನೂ ಅನ್ನಲಿಲ್ಲ ಮಾಮು.
ಮೆಟ್ಟಿಲ ಮೇಲೆ ಪಕ್ಕ ಬಂದು ಕೂತ್ರು.
ಯಾವ ಕಣ್ಣು ಅಂತ ಕೇಳಿದ್ರು.
ಎಡಗಡೇದು ಅಂದೆ.
ಎದ್ದು, ಈ ಕಡೆ ಬಂದು ಕೂತ್ರು."